ನಾಯಿಮರಿಗೆ ಮೊದಲ ಪಾಠ ‘ಹಿಂದೆ’

ಈಚೆಗೆ ಐದು ವರ್ಷದ ಬಾಲಕನೊಬ್ಬನನ್ನು ತಂದೆತಾಯಿ ನನ್ನ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಬಂದರು. ಮೇಲ್ತುಟಿ ಸೀಳಿತ್ತು. ಗಾಯಕ್ಕೆ ಅರಿಸಿನ ಮೆತ್ತಿದ್ದರು. “ಬೀದಿನಾಯಿ ಅಲ್ಲ ಡಾಕ್ಟ್ರೇ, ನಮ್ಮ ಮನೆಯ ಮರಿಯೇ. ಇವನ ಕೈಲಿದ್ದ ಬಿಸ್ಕತ್ತಿಗೆ ಹಾರಿತು, ಹಲ್ಲು ತಾಗಿತು. ಇದಕ್ಕೂ ಇಂಜೆಕ್ಷನ್ ಬೇಕೆ?” ಎಂದು ತಾಯಿ ಕೇಳಿದರು. ಖಂಡಿತ ಬೇಕು. ಆದರೆ ಆ ಮರಿಗೆ ಒಂದೇ ಒಂದು ಮಾತು ಕಲಿಸಿದ್ದರೆ ಈ ಗಾಯವೇ ತಪ್ಪುತ್ತಿತ್ತೇನೋ.

ಮರಿ ಏಕೆ ಮೈಮೇಲೆ ಬೀಳುತ್ತದೆ?

ನಾಯಿಮರಿ ಲೋಕವನ್ನು ತಿಳಿಯುವುದು ಬಾಯಿಯಿಂದ. ಅದರ ಹಾಲುಹಲ್ಲುಗಳು ಸೂಜಿಯಷ್ಟು ಚೂಪು. ಸುಮಾರು ನಾಲ್ಕರಿಂದ ಆರು ತಿಂಗಳ ನಡುವೆ ಅವು ಉದುರಿ ಹೊಸ ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಪುಟ್ಟ ಮಕ್ಕಳ ಮುಖ ನಾಯಿಯ ಬಾಯಿಗೆ ಹತ್ತಿರ. ಆದ್ದರಿಂದ ಮಕ್ಕಳಿಗೆ ಮುಖ, ಕತ್ತಿನ ಮೇಲೆ ಗಾಯವಾಗುವುದು ಹೆಚ್ಚು. ವಯಸ್ಸಾದವರು ಕಾಲಿಗೆ ಸುತ್ತಿಕೊಂಡ ಮರಿಯಿಂದ ಎಡವಿ ಸೊಂಟದ ಮೂಳೆ ಮುರಿದುಕೊಳ್ಳುವುದುಂಟು. ಕೈಯಿಂದ ತಳ್ಳಿದರೆ, ಕಿರುಚಿದರೆ ಮರಿ ಅದನ್ನೂ ಆಟವೆಂದೇ ತಿಳಿಯುತ್ತದೆ. ‘ಹಾರಬೇಡ’ ಎನ್ನುವುದಕ್ಕಿಂತ ಏನು ಮಾಡಬೇಕೆಂದು ಕಲಿಸುವುದು ಸುಲಭ.

ಕಲಿಸುವುದು ಹೇಗೆ?

ಎಂಟು ವಾರದ ಮರಿಗೂ ಕಲಿಸಬಹುದು. ಗೋಡೆ ಮತ್ತು ಮಂಚದ ನಡುವಿನ ಕಿರಿದಾದ ಜಾಗ ಒಳ್ಳೆಯದು. ಅಲ್ಲಿ ಮರಿ ಪಕ್ಕಕ್ಕೆ ಸರಿಯಲಾರದು. ಬೇಯಿಸಿದ ಕೋಳಿಮಾಂಸದ ಅಥವಾ ಮೊಟ್ಟೆಯ ಸಣ್ಣ ಚೂರನ್ನು ನಿಂತಿರುವ ಮರಿಯ ಮೂಗಿನ ಹತ್ತಿರ ಹಿಡಿಯಿರಿ. ನಿಧಾನವಾಗಿ ಗದ್ದದ ಕೆಳಗೆ, ಎದೆಯ ಕಡೆಗೆ ತನ್ನಿ. ವಾಸನೆ ಹಿಡಿಯಲು ತಲೆ ತಗ್ಗಿಸಿ ಮರಿ ಒಂದು ಹೆಜ್ಜೆ ಹಿಂದಿಡುತ್ತದೆ. ಆ ಕ್ಷಣವೇ ‘ಶಾಭಾಷ್’ ಎಂದು ಚೂರು ಕೊಡಿ. ಕೈ ಬಹಳ ಮೇಲಿದ್ದರೆ ಕುಳಿತುಬಿಡುತ್ತದೆ. ಆಗ ಸ್ವಲ್ಪ ಕೆಳಗಿಳಿಸಿ.

ಹೆಜ್ಜೆ ಸಲೀಸಾದ ಮೇಲೆ, ಕೈ ಚಲಿಸುವ ಮುನ್ನ ‘ಹಿಂದೆ’ ಎನ್ನಿ. ಬಳಿಕ ಎರಡು ಹೆಜ್ಜೆ, ಮೂರು ಹೆಜ್ಜೆ. ಆಮೇಲೆ ಬರಿಗೈಯಲ್ಲಿ ಸನ್ನೆ ಮಾಡಿ, ಹಿಂದೆ ಸರಿದ ಮೇಲೆ ಚೂರು ಕೊಡಿ. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ದಿನಕ್ಕೆ ಮೂರು ಸಲ ಮಾಡಿ. ಕೊನೆಗೆ ಬಾಗಿಲ ಬಳಿ, ಊಟದ ತಟ್ಟೆ ಇಡುವಾಗ ಅಭ್ಯಾಸ ಮಾಡಿಸಿ. ಮಕ್ಕಳು ದೊಡ್ಡವರ ಎದುರಿನಲ್ಲಿಯೇ ಕಲಿಸಲಿ.

ನಾಯಿಗೆ ಇಂಗ್ಲಿಷೇ ಆಗಬೇಕೆಂದಿಲ್ಲ! ಆದರೆ ಅಪ್ಪ ‘ಬ್ಯಾಕ್’, ಅಮ್ಮ ‘ಹಿಂದೆ’, ಅಜ್ಜಿ ‘ಹಚಾ’ ಎಂದರೆ ಮರಿಗೆ ಗೊಂದಲ. ಮನೆಯವರೆಲ್ಲ ಒಂದೇ ಪದ ಬಳಸಿ. ಹೊಡೆಯಬೇಡಿ, ಕಾಲು ತುಳಿಯಬೇಡಿ. ಹೆದರಿದ ನಾಯಿಯೇ ಹೆಚ್ಚು ಕಚ್ಚುವುದು. ಚಾಕೊಲೇಟ್, ದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ; ಬಹುಮಾನವಾಗಿಯೂ ಕೊಡಬೇಡಿ.

ಹಲ್ಲು ತಾಗಿದರೆ?

ಹುಚ್ಚುನಾಯಿ ರೋಗ, ಅಂದರೆ ರೇಬೀಸ್, ಮರಿಗಳಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಕಚ್ಚಿದರೆ, ಪರಚಿ ಚರ್ಮ ಕಿತ್ತರೆ ಕೂಡಲೇ ನಲ್ಲಿ ನೀರು ಹರಿಯಬಿಟ್ಟು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಬೇಡ. ಅಂದೇ ವೈದ್ಯರನ್ನು ಕಾಣಿರಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಇಮ್ಯುನೋಗ್ಲಾಬ್ಯುಲಿನ್ ಕೊಡಬೇಕಾಗುತ್ತದೆ. ನಾಯಿಯನ್ನು ಹತ್ತು ದಿನ ಗಮನಿಸಿ; ಆದರೆ ಅದಕ್ಕಾಗಿ ಲಸಿಕೆ ತಡಮಾಡಬೇಡಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಕಾಲ ಮುಗಿದಿದೆ. ಈಗ ತೋಳಿಗೆ ನಾಲ್ಕೈದು ಭೇಟಿಗಳಲ್ಲಿ ಕೊಡುತ್ತಾರೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ನಂತರದ ಲಸಿಕೆಗಳನ್ನು ಪಶುವೈದ್ಯರು ಹೇಳಿದಂತೆ ತಪ್ಪದೆ ಕೊಡಿಸಿ.

ಆ ಬಾಲಕನ ತುಟಿ ಮಾಯಿತು. ಕೊನೆಯ ಇಂಜೆಕ್ಷನ್ನಿಗೆ ಬಂದಾಗ, “ಈಗ ನಮ್ಮ ಮರಿ ನಾನು ‘ಹಿಂದೆ’ ಅಂದ್ರೆ ಮೂರು ಹೆಜ್ಜೆ ಹೋಗುತ್ತೆ” ಎಂದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ನಿಮ್ಮ ಮನೆಯ ಮರಿಗೆ ಇಂದೇ ಪಾಠ ಶುರುವಾಗಲಿ.