ಕಾರವಾರದಿಂದ ಮಂಗಳೂರಿಗೆ ಹಡಗು ಏಕಿಲ್ಲ?

ಬೀದರ್ ಜಿಲ್ಲೆಗೂ ಸಮುದ್ರಕ್ಕೂ ನಂಟುಂಟು ಎಂದರೆ ನಗುವವರೇ ಹೆಚ್ಚು. ಭಾಲ್ಕಿ ತಾಲ್ಲೂಕಿನ ಮೆಹಕರದಿಂದ ನೇರ ಗೆರೆ ಎಳೆದರೂ ಅರಬ್ಬೀ ಸಮುದ್ರ ಸುಮಾರು 400 ಕಿ.ಮೀ. ದೂರ. ಆದರೆ ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ಹೆಬ್ಬಾಗಿಲು ಇದ್ದದ್ದು ಕೊಂಕಣದ ದಾಭೋಳ ಬಂದರಿನಲ್ಲಿ. ಬೀದರಿನ ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ 1453ರಲ್ಲಿ ಹಡಗಿನಿಂದ ಇಳಿದದ್ದು ಅಲ್ಲಿಯೇ. ಅದೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ಕುದುರೆ ಸಾಗಿಸುವ ಹಡಗಿನಲ್ಲಿ ಹೊರ್ಮುಜ್ ಕಡೆಯಿಂದ ಚೌಲ್ ಬಂದರಿಗೆ ಬಂದಿಳಿದ. ಮರಳುವಾಗ ದಾಭೋಳದಲ್ಲಿ ತಲೆಗೆ ಎರಡು ಚಿನ್ನದ ನಾಣ್ಯ ಕೊಟ್ಟು ಹಡಗು ಹತ್ತಿದ. ಹೊರ್ಮುಜ್‌ಗೆ ಹೊರಟ ಹಡಗು ಗಾಳಿಗೆ ಸಿಕ್ಕಿ ಇಥಿಯೋಪಿಯದ ದಡಕ್ಕೆ ಹೋಯಿತು!

ಈ ದಾರಿ ಬೀದರಿಗೆ ಎಷ್ಟು ಮುಖ್ಯವಾಗಿತ್ತೆಂದರೆ, ವರ್ತಕರ ಮತ್ತು ಹಜ್ ಯಾತ್ರಿಕರ ಹಡಗುಗಳನ್ನು ಕಾಡುತ್ತಿದ್ದ ಕರಾವಳಿಯ ಸಣ್ಣ ಅರಸರ ಮೇಲೆ ಗಾವಾನ್ ಸ್ವತಃ ದಂಡು ಕಟ್ಟಿಕೊಂಡು ಹೋದ. ಆ ದಂಡಯಾತ್ರೆ ಮುಗಿದದ್ದು 1472ರಲ್ಲಿ, ಗೋವಾ ಬಹಮನಿಗಳ ಕೈಸೇರಿದಾಗ.

ಈಗ ಬೀದರಿನ ಜನ ಸಮುದ್ರ ನೋಡುವುದು ರಜೆಯಲ್ಲಿ. ಕಾರವಾರ, ಗೋಕರ್ಣ, ಮುರ್ಡೇಶ್ವರ, ಮಲ್ಪೆ, ಮಂಗಳೂರು ಒಂದೇ ದಾರಕ್ಕೆ ಪೋಣಿಸಿದಂತೆ ದಡದ ಮೇಲಿವೆ. ಥಾಯ್ಲೆಂಡಿನಲ್ಲಿ ಪ್ರವಾಸಿಗರು ಫುಕೆಟ್‌ನಿಂದ ಫಿಫಿ ದ್ವೀಪಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಡಗು ಬದಲಿಸುತ್ತ ಹೋಗುತ್ತಾರೆ. ಮುನ್ನೂರು ಕಿ.ಮೀ.ಗೂ ಮಿಕ್ಕ ಕರಾವಳಿಯಿರುವ ಕರ್ನಾಟಕದಲ್ಲಿ ಊರಿಂದೂರಿಗೆ ಹೋಗುವ ಪ್ರಯಾಣಿಕರ ಹಡಗು ಏಕಿಲ್ಲ?

ಇರಲಿಲ್ಲ ಎನ್ನುವಂತಿಲ್ಲ. ಬ್ರಿಟಿಷರ ಕಾಲದಲ್ಲಿ ಮುಂಬೈಯಿಂದ ಹೊರಟ ಉಗಿಹಡಗುಗಳು ಕೊಂಕಣದ ಬಂದರುಗಳನ್ನು ಮುಟ್ಟುತ್ತ ಕಾರವಾರಕ್ಕೂ ಮಂಗಳೂರಿಗೂ ಬರುತ್ತಿದ್ದವು. ಉತ್ತರ ಕನ್ನಡದವರು ಇವುಗಳನ್ನು ಆಗಬೋಟು ಎಂದು ಕರೆದರು. ಹೋಟೆಲು ಕೆಲಸ ಹುಡುಕಿಕೊಂಡು ಮುಂಬೈಗೆ ಹೋದ ದಕ್ಷಿಣ ಕನ್ನಡದ ಎಷ್ಟೋ ಹುಡುಗರು ಮೊದಲ ಬಾರಿ ಊರು ಬಿಟ್ಟದ್ದು ಆಗಬೋಟಿನಲ್ಲಿ. ಅವರಿಗೆ ಅದು ವಿಹಾರವಲ್ಲ. ಘಟ್ಟ ಹತ್ತಿ ಇಳಿಯುವುದಕ್ಕಿಂತ, ನಡುವಿನ ಹೊಳೆಗಳನ್ನೆಲ್ಲ ಒಂದೊಂದಾಗಿ ದಾಟುವುದಕ್ಕಿಂತ ಸುಲಭದ ದಾರಿ, ಅಷ್ಟೆ.

ಹೊಳೆಗಳ ಮಾತು ಇಲ್ಲಿ ಮುಖ್ಯ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಘಟ್ಟದಿಂದಿಳಿದು ಕರಾವಳಿಯ ದಾರಿಯನ್ನು ಅಡ್ಡಡ್ಡ ಕತ್ತರಿಸುತ್ತವೆ. ಸೇತುವೆಗಳು ಬರುವ ಮುಂಚೆ ದಡದುದ್ದಕ್ಕೂ ಹೊರಟವನಿಗೆ ಹೊಳೆಗೊಂದು ತಾರಿ ಕಾಯುವುದು ತಪ್ಪುತ್ತಿರಲಿಲ್ಲ. ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್‌ನಲ್ಲಿ ಬಸ್ಸು, ಲಾರಿಗಳೂ ದಾಟುತ್ತಿದ್ದವು. ದಾರಿ ಇಷ್ಟು ತುಂಡುತುಂಡಾಗಿದ್ದಾಗ ಸಮುದ್ರವೇ ಹೆದ್ದಾರಿ. ಹೊಳೆಗಳಿಗೆ ಸೇತುವೆ ಬಿದ್ದಂತೆಲ್ಲ ಹಡಗಿನ ಬೆಲೆ ಇಳಿಯಿತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲಂತೂ ಲೆಕ್ಕವೇ ಮುಗಿಯಿತೆನ್ನಬೇಕು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬಹುದು. ಕಾರವಾರದಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 270 ಕಿ.ಮೀ. ರೈಲಿಗೆ ಐದು ಗಂಟೆಯ ಆಸುಪಾಸು. ಸಾಧಾರಣ ಪ್ರಯಾಣಿಕರ ಹಡಗು 12 ನಾಟ್, ಎಂದರೆ ಗಂಟೆಗೆ 22 ಕಿ.ಮೀ. ವೇಗದಲ್ಲಿ ಸಾಗಿದರೆ ಹನ್ನೆರಡು ಗಂಟೆ ಬೇಕು. ವೇಗ ಹೆಚ್ಚಿಸಬಾರದೆ? ಹೆಚ್ಚಿಸಬಹುದು. ಆದರೆ ನೀರು ಗಾಳಿಯಂತಲ್ಲ, ತಡೆಯುತ್ತದೆ. ಹಡಗಿನ ವೇಗ ಇಮ್ಮಡಿಯಾಗಬೇಕಾದರೆ ಎಂಜಿನ್ನಿನ ಶಕ್ತಿ ಹೆಚ್ಚುಕಡಿಮೆ ಎಂಟು ಮಡಿಯಾಗಬೇಕು. ಆ ಎಣ್ಣೆಯ ಖರ್ಚು ಟಿಕೆಟ್ಟಿನ ಮೇಲೆಯೇ ಬೀಳುವುದು. ಮುಂಬೈ–ಗೋವಾ ದಾರಿಯಲ್ಲಿ ಇದು ಪದೇ ಪದೇ ಪರೀಕ್ಷೆಯಾಗಿದೆ. 1970–80ರ ದಶಕಗಳಲ್ಲಿ 'ಕೊಂಕಣ ಸೇವಕ', 'ಕೊಂಕಣ ಶಕ್ತಿ' ಹಡಗುಗಳು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ತೆಗೆದುಕೊಂಡು ಜನಸಾಮಾನ್ಯರನ್ನು ಒಯ್ಯುತ್ತಿದ್ದವು. ಅವು ನಿಂತವು. 1990ರ ದಶಕದಲ್ಲಿ ಅತಿವೇಗದ ಕಟಮರಾನ್ ಬಂತು, ಹೋಯಿತು. 2018ರಲ್ಲಿ 'ಆಂಗ್ರಿಯಾ' ಎಂಬ ವಿಲಾಸಿ ಹಡಗು ಬಂತು. ಅದೂ ಬಹುಕಾಲ ಉಳಿಯಲಿಲ್ಲ.

ಥಾಯ್ಲೆಂಡಿನ ಹೋಲಿಕೆ ತಪ್ಪುವುದು ಇಲ್ಲಿಯೇ. ಫಿಫಿಗೆ ರಸ್ತೆಯಿಲ್ಲ, ರೈಲಿಲ್ಲ. ದ್ವೀಪಕ್ಕೆ ಹೋಗುವವನು ಹಡಗು ಹತ್ತಲೇಬೇಕು. ನಮ್ಮ ಕಡೆ ಅದಕ್ಕೆ ಸರಿಸಾಟಿಯೆಂದರೆ ಮಂಗಳೂರು–ಲಕ್ಷದ್ವೀಪ ದಾರಿ. 2024ರ ಮೇ ತಿಂಗಳಲ್ಲಿ ಅತಿವೇಗದ ಹಡಗೊಂದು ದ್ವೀಪದ ಪ್ರಯಾಣಿಕರನ್ನು ಹೊತ್ತು ಮಂಗಳೂರಿನ ಹಳೆ ಬಂದರಿಗೆ ಬಂದಾಗ ಬಂದರಿನವರಿಗೆ ಹಬ್ಬದ ಸಂಭ್ರಮ. ರಸ್ತೆ ಪೈಪೋಟಿಗೆ ಬಾರದ ಕಡೆ ಹಡಗು ಬದುಕುತ್ತದೆ.

ಇನ್ನು ಬಂದರುಗಳು. ಕಾರವಾರಕ್ಕೆ ಗುಡ್ಡ, ದ್ವೀಪಗಳ ಮರೆಯುಂಟು, ಆಳವೂ ಉಂಟು. ಮಿಕ್ಕ ಊರುಗಳ ಬಂದರುಗಳೆಲ್ಲ ಹೆಚ್ಚಾಗಿ ಹೊಳೆ ಕಡಲು ಸೇರುವ ಅಳಿವೆಯಲ್ಲಿವೆ. ಮಳೆಗಾಲದಲ್ಲಿ ಹೊಳೆ ಹೊತ್ತು ತರುವ ಮಣ್ಣು, ಅಲೆ ದೂಡುವ ಮರಳು ಎರಡೂ ಸೇರಿ ಅಳಿವೆ ಬಾಗಿಲಲ್ಲಿ ದಿಬ್ಬ ಕಟ್ಟುತ್ತವೆ. ಮೀನುದೋಣಿಗಳು ಮಗುಚುವುದು ಬಹುತೇಕ ಈ ಜಾಗಗಳಲ್ಲಿ. ಹಿಂದೆ ಆಗಬೋಟುಗಳು ಒಳಗೆ ಬರುವ ಗೊಡವೆಗೇ ಹೋಗದೆ ದೂರದಲ್ಲಿ ಲಂಗರು ಹಾಕುತ್ತಿದ್ದವು. ಪ್ರಯಾಣಿಕರು, ಅವರ ಗಂಟುಮೂಟೆ, ಕೈಗೂಸು ಎಲ್ಲವೂ ಓಲಾಡುವ ಸಣ್ಣ ದೋಣಿಗೆ ಇಳಿಯಬೇಕು. ಕಡಲ ಪ್ರಯಾಣದಲ್ಲಿ ಕಷ್ಟದ ಭಾಗ ಕಡಲಲ್ಲ, ದಡ. ಪ್ರವಾಸಿ ಹಡಗಿನ ಯೋಜನೆ ಹಾಕುವವರು ಹಡಗಿನ ಚಿತ್ರ ತೋರಿಸುವಷ್ಟು ಉತ್ಸಾಹದಿಂದ ದಕ್ಕೆಯ ನಕ್ಷೆ ತೋರಿಸುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಮಳೆಗಾಲದ ವಿಚಾರದಲ್ಲಿ ಹಳಬರದು ಖಚಿತ ತೀರ್ಮಾನ. ಜೂನ್ ಹೊತ್ತಿಗೆ ಹಡಗು ದಡಕ್ಕೆ. ಶ್ರಾವಣದ ನೂಲ ಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ನೀರಿಗೆ. ಯಂತ್ರದೋಣಿಗಳ ಮೀನುಗಾರಿಕೆಗೆ ಈಗಿರುವ 61 ದಿನಗಳ ನಿಷೇಧ ಮೀನಿನ ಮರಿಗಾಗಿ ಬಂದದ್ದಾದರೂ, ಕಾಲ ಮಾತ್ರ ಅದೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ವರ್ಷದಲ್ಲಿ ಮೂರು–ನಾಲ್ಕು ತಿಂಗಳು ದುಡಿಯದ ಹಡಗಿಗೂ ಸಾಲದ ಕಂತು, ನಾವಿಕರ ಸಂಬಳ ತಪ್ಪುವುದಿಲ್ಲ.

ಈ ಕಾಲವನ್ನು ಮೀರಿದ ಹಡಗುಗಳ ಕಥೆ ಕೊಂಕಣದಲ್ಲಿ ಇನ್ನೂ ಮರೆತಿಲ್ಲ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳೂ ಇಲ್ಲದಾಗ, ಮುಂಬೈಯ ಭಾವುಚಾ ಧಕ್ಕಾದಿಂದ ರೇವಸಕ್ಕೆ ಹೊರಟ 'ರಾಮದಾಸ್' ಹಡಗು ಅಮಾವಾಸ್ಯೆಗೆ ಊರಿಗೆ ಹೊರಟವರಿಂದ ತುಂಬಿತ್ತು. ಮಳೆಗಾಳಿಯ ಅಲೆಗೆ ಹಡಗು ವಾಲಿದಾಗ ಜನರೆಲ್ಲ ಒಂದೇ ಬದಿಗೆ ಸರಿದರು. ಸತ್ತವರು ಆರುನೂರಕ್ಕೂ ಹೆಚ್ಚು. ದಡ ಅಷ್ಟೇನೂ ದೂರವಿರಲಿಲ್ಲ. ಮಳೆಯ ಮಾತಿಲ್ಲದ ದಿನವೂ ಅಪಾಯವಿದೆ: 2024ರ ಡಿಸೆಂಬರ್ 18ರಂದು ಎಲಿಫಂಟಾ ದ್ವೀಪಕ್ಕೆ ಪ್ರವಾಸಿಗರನ್ನು ಒಯ್ಯುತ್ತಿದ್ದ 'ನೀಲಕಮಲ್'ಗೆ ನೌಕಾಪಡೆಯ ವೇಗದ ದೋಣಿ ಬಡಿದು 15 ಮಂದಿ ಸತ್ತರು. ದೋಣಿ ಹತ್ತುವಾಗ ತೇಲುಕವಚ ಕೇಳಿದರೆ ನಗುವವರಿದ್ದಾರೆ. ಕೇಳಬೇಕು, ಹಾಕಿಕೊಳ್ಳಲೂಬೇಕು; ಕಟ್ಟಿ ಮೂಲೆಯಲ್ಲಿಟ್ಟ ಕವಚ ಮುಳುಗುವ ಹೊತ್ತಿಗೆ ಕೈಗೆ ಸಿಗುವುದಿಲ್ಲ.

ಹಾಗಾದರೆ ಕರಾವಳಿಯಲ್ಲಿ ತಾರಿಯ ಕಾಲ ಮುಗಿಯಿತೆ? ದಡದುದ್ದದ ಹಡಗಿನದು ಮುಗಿದಿರಬಹುದು, ಹೊಳೆ ದಾಟಿಸುವ ದೋಣಿಯದಲ್ಲ. ಗೋಕರ್ಣದ ಪಕ್ಕದ ತದಡಿಯಲ್ಲಿ ನಿಂತರೆ ಎದುರು ದಡದ ಅಘನಾಶಿನಿ ಊರು ಕಣ್ಣಿಗೆ ಕಾಣುತ್ತದೆ. ರಸ್ತೆ ಹಿಡಿದು ಹೋದರೆ ಹೆದ್ದಾರಿ ಮುಟ್ಟಿ, ಸೇತುವೆ ದಾಟಿ, ಕುಮಟಾ ಕಡೆಯಿಂದ ಸುತ್ತಿಕೊಂಡು ಬರಬೇಕು. ಬಾರ್ಜಿನಲ್ಲಾದರೆ ನಿಮಿಷಗಳ ಮಾತು. ಸಮುದ್ರ ನೋಡಲು ಬಂದ ಪರವೂರಿನವರು ಅದರಲ್ಲಿ ಫೋಟೊ ತೆಗೆಯುತ್ತಾರೆ. ಪಕ್ಕದಲ್ಲಿ ಮೀನುಬುಟ್ಟಿಯ ಹೆಂಗಸರು, ಬೈಕು ಹಿಡಿದವರು, ಶಾಲೆಯ ಮಕ್ಕಳು ನಿಂತಿರುತ್ತಾರೆ. ಸೇತುವೆಯಿದ್ದ ಮಾತ್ರಕ್ಕೆ ದೋಣಿ ಬೇಡವೆನ್ನುವಂತೆಯೂ ಇಲ್ಲ: 2024ರ ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಆ ಕತ್ತಲಲ್ಲಿ ಲಾರಿಯ ಮೇಲೆ ಹತ್ತಿ ನಿಂತಿದ್ದ ಚಾಲಕನನ್ನು ದಡ ಸೇರಿಸಿದ್ದು ದೋಣಿಯೇ.