ಶ್ಲೇಷ್ಮವೆಂಬ ಕಾವಲು
2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ದಡಮೀರಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನದೀತೀರದ ಗ್ರಾಮಗಳನ್ನು ಆವರಿಸಿದ್ದುಂಟು. ನೆರೆಯಿಳಿದ ಬಳಿಕವೂ ಉಳಿಯುವ ಭಯವೆಂದರೆ ಕಲುಷಿತ ಜಲದ್ದು. ಅಂಥ ಜಲದೊಡನೆಯೋ ಅನ್ನದೊಡನೆಯೋ ಉದರವನ್ನು ಹೊಗುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾವು, ಸೂಜಿಯಂತಹ ಸೂಕ್ಷ್ಮಯಂತ್ರವನ್ನು ನಿರ್ಮಿಸಿಕೊಂಡು, ಕರುಳಿನ ಜೀವಕೋಶಗಳಿಗೆ ತನ್ನ ಪ್ರೋಟೀನುಗಳನ್ನು ಚುಚ್ಚಿ, ಅತಿಸಾರವನ್ನುಂಟುಮಾಡುತ್ತದೆ.

ಆದರೆ ನಾವು ಅಸಹ್ಯವೆಂದು ಮೂಗುಮುರಿಯುವ ಶ್ಲೇಷ್ಮವಿದೆಯಲ್ಲ, ಎಂತಹ ಕಾವಲುಗಾರ ಅದು! ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕ್ಯಾಥರೀನಾ ರಿಬ್ಬೆಕ್ ಅವರ ತಂಡವು ಪ್ರಕಟಿಸಿದಂತೆ, ಕರುಳಿನ ಶ್ಲೇಷ್ಮದಲ್ಲಿರುವ ಮ್ಯೂಸಿನ್ ಎಂಬ ಪ್ರೋಟೀನು, ಬ್ಯಾಕ್ಟೀರಿಯಾದೊಳಗಿನ ಹಿಲ್‌ಡಿ ಎಂಬ ನಿಯಂತ್ರಕವನ್ನು ತಡೆದು, ಆ ಸೂಜಿಯನ್ನು ಕಟ್ಟುವ ಜೀನ್‌ಗಳನ್ನೇ ಅಡಗಿಸಿಬಿಡುತ್ತದೆ. ಮ್ಯೂಸಿನ್ನಿನ ಮೈತುಂಬ ಶರ್ಕರದ ಸರಪಳಿಗಳು. ಅದರ ಬೆನ್ನೆಲುಬಿಗೆ ಅವು ಸೇರಿಕೊಂಡಿರುವಾಗಲಷ್ಟೇ ಈ ಶಕ್ತಿ, ಬಿಡಿಸಿ ತೆಗೆದರೆ ಇಲ್ಲ.