‘ಕೈಯಲ್ಲಿ ಒಂದು’ ಹಾರಿತು ನೋಡಿ!

ಬನ್ನಿ, ಒಂದು ಪಂಥ! ಗೋಕಾಕ ಫಾಲ್ಸ್‌ನ ತೂಗುಸೇತುವೆಯ ಮೇಲೆ ಗೋಕಾಕ, ಮೂಡಲಗಿ, ಹುಕ್ಕೇರಿಯ 64 ಮಂದಿ ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರ ಕೈಗೂ ಎರಡೆರಡು ಅಂಕಿ. ಅಂಕಿ ಅಂದರೆ 0 ಇಲ್ಲವೇ 1, ಅಷ್ಟೇ! ಎಲ್ಲರೂ ಸೇರಿ ಎರಡು ಭಾರೀ ಸಂಖ್ಯೆಗಳನ್ನು ಕೂಡಬೇಕು. ನಿಮ್ಮ ಮೊಬೈಲಿನ ಚಿಪ್ ಮಾಡುವುದೂ ಇದನ್ನೇ!

ಕೂಡುವುದು ಸುಲಭ. ಕಾಡುವುದು ‘ಕೈಯಲ್ಲಿ ಒಂದು’, ಅಂದರೆ ಪಕ್ಕದ ಸ್ಥಾನಕ್ಕೆ ದಾಟಿಸುವ ದಶಕ!

ಬಲತುದಿಯವರಿಗೆ 1 ಮತ್ತು 1 ಬಂತು. ಉಳಿದ 63 ಮಂದಿಗೂ 1 ಮತ್ತು 0. ಬಲತುದಿಯ ಆ ದಶಕ ಕೈಯಿಂದ ಕೈಗೆ ಸಾಗಬೇಕು. ಎಡತುದಿಯವರು ಕಾಯಬೇಕು. ಕಾಯುತ್ತಲೇ ಇರಬೇಕು! 63 ದಾಟು!

ಚಿಪ್‌ಗೆ ಅಷ್ಟು ಪುರುಸೊತ್ತೆಲ್ಲಿ? 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಬಡಿತದೊಳಗೆ ಬೆಳಕೂ ಓಡುವುದು ಸುಮಾರು 10 ಸೆಂಟಿಮೀಟರ್. ಬೆಳಕೂ!

ಹೇಳಿ, ಆ 63ನ್ನು ಎಷ್ಟಕ್ಕೆ ಇಳಿಸಬಹುದು? 32? 16? ಇನ್ನೂ ಕೆಳಗೆ ಬನ್ನಿ!

ದಶಕ ಬಂದರೆ ತಾವೇನು ಮಾಡುತ್ತೇವೆಂದು ಅದು ಬರುವ ಮೊದಲೇ ಒಬ್ಬೊಬ್ಬರಿಗೂ ಗೊತ್ತು, ಅದೇ ಗುಟ್ಟು! 1, 1 ಇದ್ದವರು ‘ನಾನೇ ಹುಟ್ಟಿಸುತ್ತೇನೆ’ ಅನ್ನಬಲ್ಲರು. 0, 0 ಇದ್ದವರು ‘ಬಂದರೂ ನುಂಗುತ್ತೇನೆ’. 1, 0 ಇದ್ದವರು ‘ಬಂದರೆ ದಾಟಿಸುತ್ತೇನೆ’. ಇನ್ನೇಕೆ ಕಾಯುವುದು? ಎಲ್ಲರೂ ಒಟ್ಟಿಗೇ ಕೂಗಲಿ! ಮೊದಲ ಸುತ್ತಿನಲ್ಲಿ ಬಲಪಕ್ಕದವರ ಮಾತನ್ನು ತಮ್ಮದಕ್ಕೆ ಬೆಸೆದುಕೊಂಡರೆ, ಒಬ್ಬರ ಬಾಯಲ್ಲಿ ಇಬ್ಬರ ಸುದ್ದಿ. ಎರಡನೆಯದರಲ್ಲಿ ಎರಡು ಜಾಗ ಆಚೆಯವರದು. ನಾಲ್ವರ ಸುದ್ದಿ! ಆಮೇಲೆ 4 ಜಾಗ. 8. 16. 32.

ಮುಗಿಯಿತು! ಎಣಿಸಿದಿರಾ? ಬರೀ 6 ಸುತ್ತು!

128 ಮಂದಿ ನಿಂತರೆ? ದುಪ್ಪಟ್ಟು ಅಂದಿರಾ? ಅಲ್ಲ ಸ್ವಾಮಿ, 7!

ಇದೇ ಕೊಗ್-ಸ್ಟೋನ್ ಅಡರ್ ಎಂಬ ಕೂಡುವ ಸರ್ಕ್ಯೂಟು. ಪೀಟರ್ ಕೊಗ್ ಮತ್ತು ಹೆರಾಲ್ಡ್ ಸ್ಟೋನ್ 1973ರಲ್ಲಿ ಬರೆದ ಪ್ರಬಂಧದ ಫಲ. ತಮಾಷೆ ಕೇಳಿ: ಅವರು ಬರೆದದ್ದು ಕೂಡುವ ಸರ್ಕ್ಯೂಟಿನ ಬಗ್ಗೆ ಅಲ್ಲವೇ ಅಲ್ಲ! ಹಿಂದಿನ ಬೆಲೆ ತಿಳಿದರಷ್ಟೇ ಮುಂದಿನದು ಸಿಗುವಂಥ ಸಮೀಕರಣಗಳನ್ನು ಒಟ್ಟೊಟ್ಟಿಗೆ ಬಿಡಿಸುವುದು ಹೇಗೆ ಎಂಬುದು ಅವರ ವಿಷಯ. ‘ಕೈಯಲ್ಲಿ ಒಂದು’ ಅಂಥದ್ದೇ ತಾನೆ!

ಇನ್ನೂ ಬೆರಗು ಬೇಕೆ? 19ನೇ ಶತಮಾನದಲ್ಲೇ ಚಾರ್ಲ್ಸ್ ಬ್ಯಾಬೇಜ್ ದಶಕವನ್ನು ಮುಂದಾಗಿಯೇ ಊಹಿಸಿ ದಾಟಿಸುವ ಏರ್ಪಾಡನ್ನು ಯೋಚಿಸಿದ್ದರು. ಹಲ್ಲುಚಕ್ರಗಳಲ್ಲಿ!

ಆದರೆ 6 ಸುತ್ತು ಪುಕ್ಕಟೆಯಲ್ಲ. 64 ಅಂಕಿಗಳ ಸಂಖ್ಯೆಗೆ ಬೆಸೆಯುವ ಘಟಕಗಳೇ 321! ಜೊತೆಗೆ ಉದ್ದುದ್ದ ತಂತಿಗಳ ದಟ್ಟ ಗೋಜಲು. 1982ರಲ್ಲಿ ರಿಚರ್ಡ್ ಬ್ರೆಂಟ್ ಮತ್ತು ಎಚ್.ಟಿ. ಕುಂಗ್ ಪ್ರಕಟಿಸಿದ ವಿನ್ಯಾಸಕ್ಕೆ ಎಷ್ಟು ಸಾಕು ಗೊತ್ತೇ? 120! ಸುತ್ತು ಮಾತ್ರ 11ಕ್ಕೆ ಏರುತ್ತದೆ.

ನೀವಾದರೆ ಯಾವುದನ್ನು ಆರಿಸುತ್ತೀರಿ? ನನಗಂತೂ ಆ ಆರೇ ಬೇಕು. ತಂತಿ ಎಷ್ಟಾದರೂ ಹೋಗಲಿ!